ಟ್ಯಾಂಕಿಗೆ ಎಷ್ಟು ಮೀನು? ಮೊದಲು ನಿಮ್ಮ ನಳ ಯಾವಾಗ ಬರುತ್ತದೆ ಹೇಳಿ

ಹುಬ್ಬಳ್ಳಿಯಲ್ಲಿ ಯಾವುದಾದರೂ ಮೀನಿನ ಅಂಗಡಿಗೆ ಹೋಗಿ ಎರಡು ಫೂಟಿನ ಟ್ಯಾಂಕಿಗೆ ಎಷ್ಟು ಮೀನು ಹಿಡಿಸುತ್ತವೆ ಅಂತ ಕೇಳಿ ನೋಡಿ. ನನಗೆ ಸಿಕ್ಕ ಉತ್ತರ, "ಆರೇಳು ಜೋಡಿ ಬಿಡ್ರಿ, ಏನೂ ಆಗಂಗಿಲ್ಲ." ನಾನು ಬಿಟ್ಟೆ. ಎರಡು ಗೋಲ್ಡ್‌ಫಿಶ್, ಎರಡು ಏಂಜಲ್, ಆರು ಮೋಲಿ, ಬೆಳ್ಳಗೆ ಹೊಳೆಯುವ ಒಂದು ಜೋಡಿ "ಶಾರ್ಕ್", ಪಾಚಿ ತಿಂದು ಗಾಜು ಸ್ವಚ್ಛ ಮಾಡುತ್ತದೆ ಅಂತ ಒಂದು ಸಕ್ಕರ್. ಅದು ಫೆಬ್ರುವರಿ. ಮೇ ಮುಗಿಯುವ ಹೊತ್ತಿಗೆ ಉಳಿದದ್ದು ಸಕ್ಕರ್ ಮತ್ತು ಒಂದು ಗೋಲ್ಡ್‌ಫಿಶ್, ಎರಡೂ ಒಂದರ ಮುಖ ಇನ್ನೊಂದು ನೋಡಿಕೊಂಡು ಕೂತಿದ್ದವು.

ತಪ್ಪು ಅಂಗಡಿಯವರದ್ದು ಅಂತ ಬಹಳ ದಿನ ಬೈದುಕೊಂಡೆ. ಆಮೇಲೆ ಗೊತ್ತಾಯಿತು, ನಾನು ಕೇಳಿದ ಪ್ರಶ್ನೆಯೇ ತಪ್ಪು. ಹಿಡಿಸುವುದು ಬೇರೆ, ಬಾಳುವುದು ಬೇರೆ. ಬೆಳಿಗ್ಗೆ ಒಂಬತ್ತಕ್ಕೆ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಎಷ್ಟು ಜನ ಬೇಕಾದರೂ ಹಿಡಿಸುತ್ತಾರೆ, ಯಾಕೆಂದರೆ ಎಲ್ಲರಿಗೂ ಮುಂದೆ ಇಳಿಯುವ ಸ್ಟಾಪು ಇದೆ. ಮೀನಿಗೆ ಆ ಸ್ಟಾಪಿಲ್ಲ. ಉಣ್ಣುವುದು, ಹೇಲುವುದು, ಉಸಿರಾಡುವುದು ಎಲ್ಲ ಅದೇ ನೀರಿನಲ್ಲಿ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು. ಆ ನೀರು ಎಷ್ಟು ಬೇಗ ಕೆಡುತ್ತದೆ? ನೀವು ಅದನ್ನು ಎಷ್ಟು ದಿನಕ್ಕೊಮ್ಮೆ ಬದಲಾಯಿಸಬಲ್ಲಿರಿ? ಎರಡನೆಯದು ನಮ್ಮ ಊರುಗಳಲ್ಲಿ ನಿಮ್ಮ ಕೈಯಲ್ಲಿ ಇಲ್ಲ, ನಳದ ಕೈಯಲ್ಲಿದೆ. ಅದಕ್ಕೇ ಬೇರೆ ಊರಿನವರ ಲೆಕ್ಕ ನಮಗೆ ಹಾಗೇ ನಡೆಯುವುದಿಲ್ಲ.

ಮೊದಲು ಟೇಪು, ಆಮೇಲೆ ಬಕೀಟು

ಟ್ಯಾಂಕಿನ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಅಳೆಯಿರಿ. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಬಂತು. ನಮ್ಮಲ್ಲಿ ಎಲ್ಲ ಕಡೆ ಸಿಗುವ ಎರಡು ಫೂಟಿನ ಟ್ಯಾಂಕು ಸುಮಾರು 60, 30, 30 ಇರುತ್ತದೆ, ಅಂದರೆ 54 ಲೀಟರ್. ಇದು ಕಾಗದದ ಮೇಲಿನ ಲೆಕ್ಕ. ನೀರನ್ನು ಯಾರೂ ಅಂಚಿನವರೆಗೆ ತುಂಬುವುದಿಲ್ಲ. ಕೆಳಗೆ ಎರಡು ಇಂಚು ಹರಳು ಇರುತ್ತದೆ, ನಡುವೆ ಒಂದು ಕಲ್ಲು, ಮಕ್ಕಳು ಹಟ ಮಾಡಿ ತಂದ ಪ್ಲಾಸ್ಟಿಕ್ ಕೋಟೆ ಬೇರೆ.

ಹಾಗಾಗಿ ಟೇಪಿಗಿಂತ ಬಕೀಟು ನಂಬಿ. ಟ್ಯಾಂಕು ತುಂಬುವಾಗ ಲೀಟರ್ ಗೊತ್ತಿರುವ ಬಕೀಟಿನಿಂದ ಎಣಿಸುತ್ತಾ ಹಾಕಿ. ನನ್ನದಕ್ಕೆ 15 ಲೀಟರಿನ ಬಕೀಟು ಸರಿಯಾಗಿ ಮೂರು ಹಿಡಿಯಿತು. 54 ಅಂತ ತಿಳಿದಿದ್ದ ಟ್ಯಾಂಕು ನಿಜದಲ್ಲಿ 45 ಲೀಟರಿನದು. ಈ ಸಂಖ್ಯೆಯನ್ನು ಟ್ಯಾಂಕಿನ ಹಿಂದೆ ಗಾಜಿನ ಮೇಲೆ ಮಾರ್ಕರಿನಲ್ಲಿ ಬರೆದಿಡಿ, ಮುಂದೆ ಔಷಧಿ ಹಾಕುವಾಗಲೂ ಇದೇ ಬೇಕು.

ಇನ್ನೊಂದು ನೋಡಬೇಕಾದ್ದು ನೀರಿನ ಮೇಲ್ಮೈ. ಆಮ್ಲಜನಕ ಒಳಗೆ ಹೋಗುವುದು ಅಲ್ಲಿಂದಲೇ. ಅದೇ 54 ಲೀಟರಿನ ಟ್ಯಾಂಕನ್ನು ಉದ್ದಕ್ಕೆ ಮಲಗಿಸಿದರೆ ಮೇಲ್ಮೈ 1800 ಚದರ ಸೆಂಟಿಮೀಟರ್, ಕಂಬದ ಹಾಗೆ ನಿಲ್ಲಿಸಿದರೆ 900 ಮಾತ್ರ. ಹಾಲಿನ ಮೂಲೆಯಲ್ಲಿ ಚೆಂದ ಕಾಣುತ್ತದೆ ಅಂತ ಎತ್ತರದ ಟ್ಯಾಂಕು ತಂದವರು ಮೀನನ್ನು ಕಡಿಮೆ ಮಾಡಿಕೊಳ್ಳಲೇಬೇಕು. ದುಂಡನೆ ಬೌಲು ಕುತ್ತಿಗೆವರೆಗೆ ತುಂಬಿದರೆ ಇನ್ನೂ ಕಷ್ಟ, ಬಾಯಿ ಸಣ್ಣದು.

ಇಂಚಿನ ಲೆಕ್ಕ ಎಲ್ಲಿ ಕೈ ಕೊಡುತ್ತದೆ

ಒಂದು ಗ್ಯಾಲನ್ನಿಗೆ ಒಂದು ಇಂಚು ಮೀನು ಅನ್ನುವುದನ್ನು ನೀವೂ ಕೇಳಿರುತ್ತೀರಿ. ಅಮೆರಿಕದ ಗ್ಯಾಲನ್ ಅಂದರೆ 3.78 ಲೀಟರ್. 45 ಲೀಟರಿಗೆ 12 ಇಂಚು ಮೀನು ಆಯಿತು. ಇನ್ನೊಂದು ಹಳೇ ಲೆಕ್ಕ ಇದೆ, 12 ಚದರ ಇಂಚು ಮೇಲ್ಮೈಗೆ ಒಂದು ಇಂಚು ಮೀನು. ಅದರ ಪ್ರಕಾರ ಇದೇ ಟ್ಯಾಂಕಿಗೆ 24 ಇಂಚು. ಟ್ಯಾಂಕು ಒಂದೇ, ಉತ್ತರ ಮಾತ್ರ ದುಪ್ಪಟ್ಟು. ಯಾವುದನ್ನು ನಂಬುವುದು?

ಎರಡನ್ನೂ ಅರ್ಧ ನಂಬಿ. ಎರಡು ಇಂಚಿನ ಒಳಗಿನ ತೆಳ್ಳಗಿನ ಮೀನುಗಳಿಗೆ ಮೊದಲನೆಯದು ಪರವಾಗಿಲ್ಲ, ಆರಂಭಕ್ಕೆ ಒಂದು ಅಂದಾಜು ಕೊಡುತ್ತದೆ. ದೊಡ್ಡ ಮೀನಿಗೆ ಬಂದರೆ ಲೆಕ್ಕ ಪೂರಾ ಹಾಳು. ಯಾಕೆಂದರೆ ಮೀನಿನ ಉದ್ದ ಎರಡು ಪಟ್ಟಾದರೆ ಅಗಲ ಎತ್ತರ ಎಲ್ಲ ಎರಡು ಪಟ್ಟಾಗಿ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ಒಂದೂವರೆ ಇಂಚಿನ ಒಂದು ಗಂಡು ಗಪ್ಪಿ ಅರ್ಧ ಗ್ರಾಂ ಸಹ ತೂಗುವುದಿಲ್ಲ. ಆರು ಇಂಚಿಗೆ ಬೆಳೆದ ದುಂಡು ಗೋಲ್ಡ್‌ಫಿಶ್ ನೂರು ಗ್ರಾಂ ಹತ್ತಿರ ಇರುತ್ತದೆ. ಇಂಚಿನ ಲೆಕ್ಕದಲ್ಲಿ ಅದು ನಾಲ್ಕು ಗಪ್ಪಿಗೆ ಸಮ, ನಿಮ್ಮ ನೀರಿನ ಲೆಕ್ಕದಲ್ಲಿ ಇನ್ನೂರು ಗಪ್ಪಿಗೆ ಸಮ.

ಅಂಗಡಿಯ ಮೀನು ಮರಿ ಅಂತ ನೆನಪಿಡಿ

ಚೀಲದಲ್ಲಿ ಕಟ್ಟಿಕೊಡುವ ಮೀನು ಹೆಚ್ಚಿನವು ಮರಿಗಳು. ಲೆಕ್ಕ ಹಾಕಬೇಕಾದ್ದು ಅದು ಬೆಳೆದು ಎಷ್ಟಾಗುತ್ತದೆ ಅನ್ನುವುದರ ಮೇಲೆ. ಇಲ್ಲೇ ಜಾಸ್ತಿ ಜನ ಸಿಕ್ಕಿಬೀಳುವುದು, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ಗೋಲ್ಡ್‌ಫಿಶ್‌ನಿಂದಲೇ ಶುರು ಮಾಡೋಣ. ಬಾಲ ಜೋಲುವ ದುಂಡು ಜಾತಿಯವು ಆರರಿಂದ ಎಂಟು ಇಂಚಿಗೆ ಹೋಗುತ್ತವೆ. ಉದ್ದ ಮೈಯ ಸಾದಾ ಗೋಲ್ಡ್‌ಫಿಶ್ ಹತ್ತು ಇಂಚು ದಾಟುತ್ತದೆ. ಕಾರ್ಪ್ ಕುಲದ ಮೀನು ಅದು, ಹೊಟ್ಟೆಯೂ ಅದಕ್ಕೆ ತಕ್ಕ ಹಾಗೇ. ಎರಡು ಫೂಟಿನ ಟ್ಯಾಂಕಿನಲ್ಲಿ ಒಂದೇ ಒಂದಕ್ಕೂ ಕೊನೆವರೆಗೆ ಜಾಗ ಇಲ್ಲ, ಬೌಲಿನ ಮಾತು ಬಿಡಿ.

ಸಕ್ಕರ್ ದಕ್ಷಿಣ ಅಮೆರಿಕದ ಮೀನು. ಎರಡು ಇಂಚಿನದು ಮುದ್ದಾಗಿ ಗಾಜಿಗೆ ಅಂಟಿಕೊಂಡಿರುತ್ತದೆ. ಬೆಳೆದರೆ ಒಂದು ಫೂಟಿನ ಮೇಲೆ. ಟ್ಯಾಂಕು ಸ್ವಚ್ಛ ಮಾಡುತ್ತದೆ ಅನ್ನುವುದು ಅರ್ಧ ಸತ್ಯ. ಪಾಚಿ ತಿಂದದ್ದಕ್ಕಿಂತ ಜಾಸ್ತಿ ದಾರದ ಹಾಗೆ ಉದ್ದುದ್ದ ಹೇಲು ಬಿಡುತ್ತದೆ. ಇಂಥವನ್ನು "ಕ್ಲೀನರ್" ಅಂತ ಮಾರುವುದು ನನಗೆ ಈಗಲೂ ನಗು ತರಿಸುತ್ತದೆ.

"ಶಾರ್ಕ್" ಅಂತ ಕೊಡುವುದು ನಿಜವಾದ ಶಾರ್ಕ್ ಅಲ್ಲ, ಪಂಗಾಸಿಯಸ್ ಅನ್ನುವ ಬೆಕ್ಕುಮೀನು, ಹೊಂಡದಲ್ಲಿ ಸಾಕಿ ಮಾರ್ಕೆಟ್ಟಿನಲ್ಲಿ ಕಿಲೋ ಲೆಕ್ಕದಲ್ಲಿ ಮಾರುವ ಮೀನು. ಮೂರು ಫೂಟಿಗೂ ಬೆಳೆಯಬಲ್ಲದು. ಗಾಬರಿಯಾದರೆ ಗಾಜಿಗೆ ಮುಖ ಹೊಡೆದುಕೊಳ್ಳುತ್ತದೆ. ಮನೆಯ ಟ್ಯಾಂಕಿಗೆ ಬೇಡವೇ ಬೇಡ. ಆಸ್ಕರ್, ಫ್ಲವರ್‌ಹಾರ್ನ್ ಎರಡೂ ಒಂದು ಫೂಟಿನ ಆಸುಪಾಸು, ಕೋಯಿ ಎರಡು ಫೂಟು. ಏಂಜಲ್ ಆರು ಇಂಚು, ರೆಕ್ಕೆ ಸೇರಿಸಿದರೆ ಎತ್ತರ ಅದಕ್ಕಿಂತ ಜಾಸ್ತಿ. ಬೆಳೆದ ಮೇಲೆ ಅದು ಪಕ್ಕದ ನಿಯಾನ್ ಟೆಟ್ರಾವನ್ನು ಊಟ ಮಾಡಿಕೊಳ್ಳುತ್ತದೆ. ನೀಲಿ ಗುರಾಮಿ ಐದಾರು ಇಂಚು, ಮೋಲಿ ನಾಲ್ಕು.

ಸಣ್ಣ ಟ್ಯಾಂಕಿಗೆ ನಿಜವಾಗಿ ಹೊಂದುವವು ಬೇರೆ ಇವೆ. ಗಪ್ಪಿ, ಪ್ಲಾಟಿ, ಜೀಬ್ರಾ, ನಿಯಾನ್, ತಳದಲ್ಲಿ ಓಡಾಡುವ ಕೋರಿ. ಎಲ್ಲವೂ ಮೂರು ಇಂಚಿನ ಒಳಗೆ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿಗೆ, ಹೊಂಡಕ್ಕೆ ಬಿಡುವ ಮೀನಿನಲ್ಲಿ ಗಪ್ಪಿಯೂ ಒಂದು, ಅಷ್ಟು ಗಟ್ಟಿ ಜೀವ.

ಗಪ್ಪಿಯಲ್ಲಿ ಒಂದು ಅಪಾಯ ಇದೆ. ಜೋಡಿ ತಂದರೆ ಅದು ಜೋಡಿಯಾಗಿ ಉಳಿಯುವುದಿಲ್ಲ. ಹೆಣ್ಣು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ, ಒಂದು ಸಲಕ್ಕೆ ಇಪ್ಪತ್ತು ಮೂವತ್ತು. ಗಂಡನ್ನು ಬೇರೆ ಇಟ್ಟರೂ ತಿಂಗಳುಗಟ್ಟಲೆ ಹಾಕುತ್ತಲೇ ಇರುತ್ತದೆ, ಯಾಕೆಂದರೆ ವೀರ್ಯವನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ. ಎಣಿಕೆ ನಿಮ್ಮ ಹಿಡಿತದಲ್ಲಿ ಇರಬೇಕಾದರೆ ಬರೀ ಗಂಡು ತನ್ನಿ. ಬಣ್ಣವೂ ಗಂಡಿಗೇ ಇರುವುದು.

ಊಟದ ಡಬ್ಬಿಯಿಂದ ಲೆಕ್ಕ

ಈಗ ನನಗೆ ಬಹಳ ಇಷ್ಟವಾದ ಲೆಕ್ಕ. ಮೀನು ಎಣಿಸುವ ಬದಲು ಊಟ ತೂಗಿ.

ನೀರು ಕೆಡುವುದು ಊಟದಿಂದ. ಮೀನಿನ ಊಟದಲ್ಲಿರುವ ಪ್ರೋಟೀನು ಅದರ ಹೊಟ್ಟೆ ಹೊಕ್ಕು ಕಿವಿರಿನಿಂದ ಅಮೋನಿಯಾ ಆಗಿ ಹೊರಬರುತ್ತದೆ, ತಿನ್ನದೆ ಬಿಟ್ಟದ್ದು ಕೊಳೆತು ಅದೂ ಅಮೋನಿಯಾನೇ. ಅಮೋನಿಯಾ ವಿಷ. ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಅದೂ ವಿಷ. ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಆದರೆ ಎಲ್ಲಿಗೂ ಹೋಗುವುದಿಲ್ಲ. ಗಿಡ ಇಲ್ಲದ ಟ್ಯಾಂಕಿನಲ್ಲಿ ನೀವು ನೀರು ತೆಗೆದಾಗ ಮಾತ್ರ ಹೋಗುತ್ತದೆ.

40 ಶೇಕಡಾ ಪ್ರೋಟೀನು ಇರುವ ಊಟ ಒಂದು ಗ್ರಾಂ ಹಾಕಿದರೆ ಕೊನೆಗೆ ಸುಮಾರು 160 ಮಿಲಿಗ್ರಾಂ ನೈಟ್ರೇಟ್ ಆಗುತ್ತದೆ. ಮೀನು ಸಾಕಾಣಿಕೆಯವರು ಅಮೋನಿಯಾ ಅಂದಾಜು ಮಾಡುವ ಲೆಕ್ಕದಿಂದಲೇ ಇದನ್ನು ತೆಗೆದದ್ದು. ಮನೆಯಲ್ಲಿ ಒಂದು ಗ್ರಾಂ ಅಳೆಯುವುದು ಹೇಗೆ ಅಂತೀರಾ? ಅಳೆಯಬೇಡಿ. 50 ಗ್ರಾಮಿನ ಹೊಸ ಡಬ್ಬಿ ಒಡೆದ ದಿನ ಮುಚ್ಚಳದ ಮೇಲೆ ತಾರೀಖು ಬರೆಯಿರಿ. ಎಷ್ಟು ದಿನಕ್ಕೆ ಖಾಲಿಯಾಯಿತು ನೋಡಿ. 50 ದಿನಕ್ಕೆ ಖಾಲಿಯಾದರೆ ದಿನಕ್ಕೆ ಒಂದು ಗ್ರಾಂ.

ಆಮೇಲೆ ಸುಲಭ. ದಿನಕ್ಕೆ ಒಂದು ಗ್ರಾಂ ಅಂದರೆ 160 ಮಿಲಿಗ್ರಾಂ, ಅದನ್ನು 45 ಲೀಟರಿಗೆ ಹಂಚಿದರೆ ಲೀಟರಿಗೆ ಮೂರೂವರೆ. ವಾರಕ್ಕೆ 25. ನೀವು ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸುತ್ತೀರಿ ಅಂದುಕೊಳ್ಳಿ. ಆಗ ಇದ್ದ ನೈಟ್ರೇಟಿನಲ್ಲಿ ಕಾಲು ಭಾಗ ಹೋಗುತ್ತದೆ, 25 ಸೇರುತ್ತದೆ. ಹೋಗುವುದು ಬರುವುದು ಸಮ ಆಗುವವರೆಗೆ ಅದು ಏರುತ್ತಲೇ ಇರುತ್ತದೆ, ಮತ್ತು ಸಮ ಆಗುವುದು 100ಕ್ಕೆ ಮುಟ್ಟಿದಾಗ. ಅರ್ಧ ನೀರು ಬದಲಾಯಿಸಿದರೆ 50ಕ್ಕೆ ನಿಲ್ಲುತ್ತದೆ. ಮನೆಯ ಟ್ಯಾಂಕಿಗೆ 40ರ ಒಳಗೆ ಇರಬೇಕು, 20 ಇದ್ದರೆ ಒಳ್ಳೆಯದು. ಅಂದರೆ 45 ಲೀಟರಿನ ಟ್ಯಾಂಕಿಗೆ ದಿನಕ್ಕೆ ಒಂದು ಗ್ರಾಂ ಊಟ ಜಾಸ್ತಿಯೇ ಆಯಿತು. ವಾರಕ್ಕೆ ಕಾಲು ಭಾಗ ಬದಲಾಯಿಸುವವರು 0.4 ಗ್ರಾಮಿನ ಒಳಗೆ ಇರಬೇಕು, ಡಬ್ಬಿ 125 ದಿನ ಬರಬೇಕು.

ಮೀನು ದಿನಕ್ಕೆ ತನ್ನ ತೂಕದ ಒಂದರಿಂದ ಎರಡು ಶೇಕಡಾ ತಿಂದರೆ ಸಾಕು. 0.4 ಗ್ರಾಂ ಊಟಕ್ಕೆ 20 ಗ್ರಾಂ ಮೀನು ಅನ್ನಿ. ಇದೇ ನೋಡಿ ಉತ್ತರ. 20 ಗ್ರಾಂ ಅಂದರೆ ಹತ್ತಿಪ್ಪತ್ತು ಸಣ್ಣ ಮೀನು. ನನ್ನ ಎರಡು ಗೋಲ್ಡ್‌ಫಿಶ್ ಪೂರಾ ಬೆಳೆದಿದ್ದರೆ ಅವೆರಡೇ 200 ಗ್ರಾಂ ಆಗುತ್ತಿದ್ದವು, ದಿನಕ್ಕೆ ಮೂರು ಗ್ರಾಂ ಊಟ ಬೇಕಿತ್ತು, ವಾರಕ್ಕೆ ಕಾಲು ಭಾಗ ನೀರಿನಲ್ಲಿ ನೈಟ್ರೇಟು 300ಕ್ಕೆ ಮುಟ್ಟುತ್ತಿತ್ತು.

ದೊಡ್ಡ ಫಿಲ್ಟರ್ ಹಾಕಿದರೆ ಮೀನು ಜಾಸ್ತಿ ಬಿಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಫಿಲ್ಟರ್ ಅಮೋನಿಯಾವನ್ನು ನೈಟ್ರೇಟ್ ಮಾಡಿ ಕೈ ತೊಳೆದುಕೊಳ್ಳುತ್ತದೆ. ಅದನ್ನು ಹೊರಗೆ ಹಾಕುವ ಕೆಲಸ ನಿಮ್ಮದು ಮತ್ತು ಗಿಡದ್ದು. ಬೇರು ಮಾತ್ರ ನೀರಿನಲ್ಲಿ, ಎಲೆ ಹೊರಗೆ ಇರುವ ಹಾಗೆ ಒಂದು ಮನಿ ಪ್ಲಾಂಟ್ ಬಳ್ಳಿ ಟ್ಯಾಂಕಿನ ಅಂಚಿಗೆ ಸಿಕ್ಕಿಸಿ. ಬೇರು ನೈಟ್ರೇಟ್ ಹೀರಿಕೊಳ್ಳುತ್ತದೆ. ಆದರೆ ಅದನ್ನು ನಂಬಿಕೊಂಡು ಮೀನು ಏರಿಸಬೇಡಿ, ಅದು ಬೋನಸ್ ಅಷ್ಟೇ.

ಇನ್ನು ನಳದ ಮಾತು

ವಾರಕ್ಕೊಮ್ಮೆ ಕಾಲು ಭಾಗ ಅಂತ ಬರೆಯುವುದು ಸುಲಭ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಬರುತ್ತದೆ. ಕೆಲವು ಬಡಾವಣೆಗಳಲ್ಲಿ ಇಪ್ಪತ್ನಾಲ್ಕು ತಾಸೂ ನಳ ಇದೆ, ಇನ್ನು ಕೆಲವು ಕಡೆ ವಾರ ಕಾಯಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನಳ ಬಂದ ದಿನ ಮನೆಯಲ್ಲಿ ಏನು ನಡೆಯುತ್ತದೆ ಗೊತ್ತಲ್ಲ. ಕೊಡ, ಬ್ಯಾರಲ್ಲು, ಸಿಂಟೆಕ್ಸ್, ಕೊನೆಗೆ ಅಡುಗೆ ಮನೆಯ ಪಾತ್ರೆ. ಆ ಸಾಲಿನಲ್ಲಿ ಮೀನಿಗೆ ಅಂತ ಒಂದು ಬಕೀಟು ಇಡುತ್ತೇನೆ ಅಂದರೆ ಮನೆಯವರ ಮುಖ ನೋಡಬೇಕು.

ಹಾಗಾಗಿ ಮೊದಲು ಬರೆದುಕೊಳ್ಳಿ: ನಿಮ್ಮಲ್ಲಿ ನಳ ಎಷ್ಟು ದಿನಕ್ಕೆ ಬರುತ್ತದೆ, ಮೇ ತಿಂಗಳಲ್ಲಿ ಎಷ್ಟು ದಿನಕ್ಕೆ ಬರುತ್ತದೆ, ಜಗಳವಿಲ್ಲದೆ ಮೀನಿಗೆ ಎಷ್ಟು ಲೀಟರ್ ಸಿಗುತ್ತದೆ. ಲೆಕ್ಕ ಹಾಕಬೇಕಾದ್ದು ಮೇ ತಿಂಗಳ ಮೇಲೆ. ಶ್ರಾವಣದಲ್ಲಿ ನೀರು ಧಂಡಿಯಾಗಿದೆ ಅಂತ ಆಗ ಮೀನು ಏರಿಸಿದವರು ಬೇಸಿಗೆಯಲ್ಲಿ ಪಶ್ಚಾತ್ತಾಪ ಪಡುತ್ತಾರೆ.

ಒಂದು ಉದಾಹರಣೆ. ಹತ್ತು ದಿನಕ್ಕೊಮ್ಮೆ ನಳ, ಮೀನಿಗೆ 11 ಲೀಟರ್, ಅಂದರೆ 45ರಲ್ಲಿ ಕಾಲು ಭಾಗ. ನೈಟ್ರೇಟ್ 40ಕ್ಕೆ ನಿಲ್ಲಬೇಕಾದರೆ ಹತ್ತು ದಿನದಲ್ಲಿ 10 ಮಾತ್ರ ಏರಬೇಕು, ದಿನಕ್ಕೆ 1. ಹಾಗಾದರೆ ದಿನದ ಊಟ ಕಾಲು ಗ್ರಾಂ ಸ್ವಲ್ಪ ಮೇಲೆ. ಮೀನು 14 ಗ್ರಾಂ. ಏಳೆಂಟು ಗಪ್ಪಿ, ಆರು ಜೀಬ್ರಾ, ಎರಡು ಪ್ಲಾಟಿ, ಮುಗೀತು. ಇಪ್ಪತ್ನಾಲ್ಕು ತಾಸು ನಳ ಇದ್ದವರು ವಾರಕ್ಕೆ ಅರ್ಧ ಟ್ಯಾಂಕು ಬದಲಾಯಿಸಿದರೆ ಇದೇ ಟ್ಯಾಂಕಿನಲ್ಲಿ ಇದರ ಮೂರು ಪಟ್ಟು ತೂಕ ನಿಭಾಯಿಸಬಹುದು, ಆದರೆ ಈಜಲು ಜಾಗ ಬೇಕಲ್ಲ, ಅದಕ್ಕೇ ಅಷ್ಟು ಬಿಡಿ ಅಂತ ನಾನು ಹೇಳುವುದಿಲ್ಲ.

ನಳದ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ತುಂಬಿ ಬಾಯಿ ತೆರೆದು ಒಂದು ದಿನ ಬಿಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿ ಹಾಕಿ. ತೆಗೆದ ನೀರನ್ನು ಗಟಾರಿಗೆ ಚೆಲ್ಲಬೇಡಿ, ತುಳಸಿಗೂ ದಾಸವಾಳಕ್ಕೂ ಅದು ಗೊಬ್ಬರದ ನೀರು. ನಮ್ಮ ಮನೆಯಲ್ಲಿ ಮೀನಿಗೆ ಒಂದು ಬಕೀಟು ಮಂಜೂರಾದದ್ದು ಈ ಕಾರಣಕ್ಕೇ.

ಗದಗ, ಮುಂಡರಗಿ ಕಡೆ, ಹಾವೇರಿಯ ಹಳ್ಳಿಗಳಲ್ಲಿ ಬೋರಿನ ನೀರೇ ಗತಿ ಅನ್ನುವವರು ಒಂದು ಕೆಲಸ ಜಾಸ್ತಿ ಮಾಡಬೇಕು. ಟೆಸ್ಟ್ ಕಿಟ್ ತಂದು ಮೊದಲು ಬೋರಿನ ನೀರನ್ನೇ ಪರೀಕ್ಷೆ ಮಾಡಿ. ಹೊಲದ ಗೊಬ್ಬರ ಇಳಿದು ಬೋರಿನಲ್ಲೇ ನೈಟ್ರೇಟ್ ಇರಬಹುದು. ಅಲ್ಲೇ 30 ಇದ್ದರೆ ಮೇಲಿನ ಲೆಕ್ಕದಲ್ಲಿ ನಿಮಗೆ ಉಳಿದದ್ದು 10 ಮಾತ್ರ, ಮೀನೂ ಅದಕ್ಕೆ ತಕ್ಕಷ್ಟು. ಇನ್ನೊಂದು, ಬೋರಿನ ನೀರು ಹೆಚ್ಚಾಗಿ ಗಡಸು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 8ರ ಹತ್ತಿರ ಇರುತ್ತದೆ. ಪಿಎಚ್ 7ರಿಂದ 8ಕ್ಕೆ ಹೋದರೆ ಅಮೋನಿಯಾದಲ್ಲಿ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಗಪ್ಪಿ, ಮೋಲಿ, ಪ್ಲಾಟಿಗೆ ಗಡಸು ನೀರು ಇಷ್ಟ. ನಿಯಾನ್ ಟೆಟ್ರಾ ಬೇಡ. ಆವಿಯಾಗಿ ಹೋದ ನೀರಿನ ಬದಲು ಮತ್ತೆ ಮತ್ತೆ ಬೋರಿನ ನೀರನ್ನೇ ಮೇಲಿಂದ ಹಾಕುತ್ತಾ ಹೋದರೆ ಉಪ್ಪು ಮಾತ್ರ ಉಳಿಯುತ್ತಾ ಬರುತ್ತದೆ, ಗಾಜಿನ ಮೇಲೆ ಬಿಳಿ ಗೆರೆ ಕಂಡರೆ ಅದೇ. ತುಂಬಿಸುವುದು ಬೇರೆ, ಬದಲಾಯಿಸುವುದು ಬೇರೆ.

ಸೆಕೆ ಮತ್ತು ಕರೆಂಟು

ನೈಟ್ರೇಟಿನ ಲೆಕ್ಕ ವಾರಗಳದ್ದು, ಆದರೆ ನನ್ನ ಮೀನು ಸತ್ತದ್ದು ಒಂದೇ ರಾತ್ರಿಯಲ್ಲಿ. ಮೇ ಎರಡನೇ ವಾರ, ಗಾಳಿ ಮಳೆ ಜೋರಾಗಿ ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯಿತು. ನಾವೆಲ್ಲ ಮಾಳಿಗೆಯ ಮೇಲೆ ಮಲಗಿದ್ದೆವು. ಬೆಳಿಗ್ಗೆ ಐದೂವರೆಗೆ ಅವ್ವ ಕೆಳಗಿನಿಂದ ಕೂಗಿದಾಗ ಹೋಗಿ ನೋಡಿದರೆ, ಉಳಿದಿದ್ದ ಮೀನೆಲ್ಲ ನೀರಿನ ಮೇಲೆ ಬಾಯಿ ತೆರೆದು ತೆರೆದು ಗಾಳಿ ಕುಡಿಯುತ್ತಿದ್ದವು, ಏಂಜಲ್ ಎರಡೂ ಅಡ್ಡ ಮಲಗಿದ್ದವು. ನಾನು ಬ್ಯಾಟರಿ ಪಂಪ್ ಎಲ್ಲಿ ಸಿಗುತ್ತದೆ ಅಂತ ಫೋನಿನಲ್ಲಿ ಹುಡುಕುತ್ತಾ ನಿಂತೆ. ಅವ್ವ ತಂಬಿಗೆ ತಂದು ಟ್ಯಾಂಕಿನ ನೀರನ್ನೇ ತುಂಬಿ ಒಂದು ಮೊಳ ಎತ್ತರದಿಂದ ಸುರಿಯತೊಡಗಿದಳು, ಚಹಾ ಆರಿಸುತ್ತಾರಲ್ಲ ಹಾಗೆ. ಅರ್ಧ ತಾಸು ಸುರಿದಳು. ಸಕ್ಕರ್ ಮತ್ತು ಆ ಒಂದು ಗೋಲ್ಡ್‌ಫಿಶ್ ಬದುಕಿದ್ದು ಅದರಿಂದಲೇ. ಬೇರೇನೂ ಇಲ್ಲದಿದ್ದರೆ ನೀವೂ ಅದನ್ನೇ ಮಾಡಿ, ಬೀಳುವ ನೀರಿನ ಜೊತೆ ಗಾಳಿ ಒಳಗೆ ಹೋಗುತ್ತದೆ.

ಹೀಗಾಗಲು ಕಾರಣ ಸರಳ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಸೆಕೆಗೆ ಮೀನಿಗೆ ಬೇಕಾಗುವುದು ಮಾತ್ರ ಜಾಸ್ತಿಯಾಗುತ್ತದೆ. ಪಂಪ್ ನಡೆಯುವವರೆಗೆ ಕೊರತೆ ಕಾಣುವುದಿಲ್ಲ, ನಿಂತಾಗ ಲೆಕ್ಕ ಹೊರಬರುತ್ತದೆ. ಅದಕ್ಕೆ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಏಪ್ರಿಲ್ಲಿನ ಒಂದು ಮಧ್ಯಾಹ್ನ, ಮನೆಯಲ್ಲೇ ಇರುವ ದಿನ, ಪಂಪು ಫಿಲ್ಟರ್ ಎರಡೂ ಬಂದ್ ಮಾಡಿ ಎದುರಿಗೆ ಕೂರಿ. ಒಂದು ತಾಸಿನೊಳಗೆ ಮೀನು ಮೇಲೆ ಬಂದು ಬಾಯಿ ತೆರೆದರೆ ತಕ್ಷಣ ಚಾಲೂ ಮಾಡಿ, ನಿಮ್ಮಲ್ಲಿ ಮೀನು ಜಾಸ್ತಿ ಇವೆ. ಮೂರು ನಾಲ್ಕು ತಾಸು ಆರಾಮ ಇದ್ದರೆ ಸರಿ ಇದೆ. ಗುರಾಮಿ ಮತ್ತು ಬೆಟ್ಟಾ (ಅಂಗಡಿಯಲ್ಲಿ ಫೈಟರ್ ಅನ್ನುವ ಮೀನು) ಈ ಪರೀಕ್ಷೆಗೆ ಲೆಕ್ಕವಿಲ್ಲ, ಅವು ಸುಮ್ನೆ ಕೂಡ ಮೇಲೆ ಬಂದು ಗಾಳಿ ತಗೊಳ್ಳುತ್ತವೆ. ಕೋರಿಯೂ ಆಗಾಗ ಸರ್ರನೆ ಮೇಲೆ ಬಂದು ಹೋಗುತ್ತದೆ, ಗಾಬರಿ ಬೇಡ.

ಬಿಡುವುದು ಒಂದೇ ಸಲ ಅಲ್ಲ

ಹೊಸ ಟ್ಯಾಂಕಿನ ಸ್ಪಂಜಿನಲ್ಲಿ ಆ ಬ್ಯಾಕ್ಟೀರಿಯಾ ಇರುವುದಿಲ್ಲ. ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ನಿಮ್ಮ ಟ್ಯಾಂಕಿನ ಸಾಮರ್ಥ್ಯ ಮೂರು ನಾಲ್ಕು ಗಟ್ಟಿ ಮೀನು, ಜೀಬ್ರಾ ಅಥವಾ ಗಪ್ಪಿ, ದಿನಕ್ಕೆ ಒಂದು ಚಿಟಿಕೆ ಊಟ. ಎರಡು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್ ನೋಡಿ. ಎರಡೂ ಸೊನ್ನೆಗೆ ಬಂದು ಒಂದು ವಾರ ಸೊನ್ನೆಯಲ್ಲೇ ನಿಂತರೆ ಇನ್ನು ನಾಲ್ಕು ತನ್ನಿ. ಮತ್ತೆ ಎರಡು ವಾರ ಕಾಯಿರಿ. ಸ್ಪಂಜನ್ನು ನಳದ ಕೆಳಗೆ ತೊಳೆಯಬೇಡಿ, ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸಾಯುತ್ತವೆ. ತೆಗೆದ ಟ್ಯಾಂಕಿನ ನೀರಿನಲ್ಲೇ ಹಿಂಡಿ.

ಗುಂಪಿನ ಮೀನನ್ನು ಒಂದೊಂದು ಬಗೆ ಎರಡೆರಡು ತರುವ ಚಟ ನಮ್ಮಲ್ಲಿ ಜಾಸ್ತಿ, ಮದುವೆ ಊಟದ ಎಲೆಯ ಹಾಗೆ ಎಲ್ಲದರಲ್ಲೂ ಒಂದು ಚೂರು. ಜೀಬ್ರಾ, ನಿಯಾನ್, ಟೈಗರ್ ಬಾರ್ಬ್ ಇವೆಲ್ಲ ಆರಕ್ಕಿಂತ ಕಡಿಮೆ ಇದ್ದರೆ ಹೆದರಿ ಮೂಲೆ ಸೇರುತ್ತವೆ, ಇಲ್ಲ ಬೇರೆಯವುಗಳ ಬಾಲ ಕಚ್ಚುತ್ತವೆ. ಎರಡು ಬಗೆ ಸಾಕು, ಹೆಚ್ಚೆಂದರೆ ಮೂರು. ಗಂಡು ಬೆಟ್ಟಾ ಒಂದು ಟ್ಯಾಂಕಿಗೆ ಒಂದೇ, ಅದಕ್ಕೂ ಬೌಲು ಬೇಡ, ಹದಿನೈದಿಪ್ಪತ್ತು ಲೀಟರ್ ಕೊಡಿ.

ನನ್ನ 45 ಲೀಟರಿನಲ್ಲಿ ಈಗ ಇರುವುದು ಎಂಟು ಜೀಬ್ರಾ, ಆರು ಗಂಡು ಗಪ್ಪಿ, ತಳದಲ್ಲಿ ನಾಲ್ಕು ಕೋರಿ. 20 ಗ್ರಾಂ ಆಸುಪಾಸು. ನಮಗೆ ನಳ ಏಳೆಂಟು ದಿನಕ್ಕೆ. ಊಟದ ಡಬ್ಬಿ ನಾಲ್ಕು ತಿಂಗಳು ಬರುತ್ತದೆ. ನೀರು ಬದಲಾಯಿಸುವ ಮುಂಚೆ ನೋಡಿದರೆ ನೈಟ್ರೇಟ್ 30ರ ಹತ್ತಿರ. ಮನೆಗೆ ಬಂದವರು "ಏನ್ರೀ, ಟ್ಯಾಂಕು ಖಾಲಿ ಖಾಲಿ ಐತಲ್ಲ" ಅನ್ನುತ್ತಾರೆ, ಅನ್ನಲಿ.

ಜಾಸ್ತಿ ಆದ ಮೀನು ಏನು ಮಾಡುವುದು

ಈ ಲೆಕ್ಕ ಓದಿ ಈಗಾಗಲೇ ಜಾಸ್ತಿ ಇವೆ ಅಂತ ಗೊತ್ತಾದವರು ಊಟ ಅರ್ಧ ಮಾಡಿ, ನೀರು ಸ್ವಲ್ಪ ಸ್ವಲ್ಪವಾಗಿ ಆಗಾಗ ಬದಲಾಯಿಸಿ. ನೈಟ್ರೇಟ್ ಬಹಳ ಏರಿದ ಟ್ಯಾಂಕಿನ ನೀರನ್ನು ಒಂದೇ ಸಲ ಪೂರ್ತಿ ಬದಲಾಯಿಸಬೇಡಿ, ಮೀನು ತಡೆದುಕೊಳ್ಳುವುದಿಲ್ಲ. ಆಮೇಲೆ ದೊಡ್ಡವನ್ನು ಕಳಿಸುವ ದಾರಿ ನೋಡಿ. ಎಷ್ಟೋ ಅಂಗಡಿಯವರು ಬೆಳೆದ ಮೀನು ವಾಪಸ್ ತಗೊಳ್ಳುತ್ತಾರೆ, ದುಡ್ಡು ಕೊಡುವುದಿಲ್ಲ, ಸಣ್ಣ ಮೀನು ಎರಡು ಕೊಟ್ಟರೆ ನಿಮ್ಮ ಅದೃಷ್ಟ, ಅವನ್ನೂ ಬೇಡ ಅನ್ನಿ.

ಉಣಕಲ್ ಕೆರೆಗೋ ಕೆಲಗೇರಿಗೋ, ಗದಗಿನವರು ಭೀಷ್ಮ ಕೆರೆಗೋ ಒಯ್ದು ಬಿಡುವುದು ಮಾತ್ರ ಬೇಡ. ಹಾಗೆ ಯಾರೋ ಬಿಟ್ಟ ಸಕ್ಕರ್ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಬೇರೂರಿದೆ. ಮೈಮೇಲೆ ಗಟ್ಟಿ ಕವಚ, ಮುಳ್ಳು, ಮೀನುಗಾರರ ಬಲೆ ಹರಿಯುತ್ತದೆ, ತಿನ್ನುವವರಿಲ್ಲ. ನನ್ನ ಸಕ್ಕರನ್ನು ಹೀಗೇ ಕೆರೆಗೆ ಬಿಡಬೇಕು ಅಂತ ಬಕೀಟಿನಲ್ಲಿ ಹಾಕಿಕೊಂಡು ಸ್ಕೂಟರಿನ ತನಕ ಹೋಗಿದ್ದೆ. ಆಗ ಅದು ಒಂಬತ್ತು ಇಂಚು. ಕೊನೆಗೆ ನಾಲ್ಕು ಫೂಟಿನ ಟ್ಯಾಂಕು ಇಟ್ಟ ಒಬ್ಬರು ಸಿಕ್ಕರು, ಧಾರವಾಡದಲ್ಲಿ, ಅವರಲ್ಲಿ ಬಿಟ್ಟು ಬಂದೆ. ಗೋಲ್ಡ್‌ಫಿಶ್‌ ಸಹ ಅವರಲ್ಲೇ ಇದೆ. ಅವರ ಮನೆಗೆ ನಳ ದಿನಾ ಬರುತ್ತದೆ.